ಕಬ್ಬಿಣದ ಕಾವಲಿಯ ಪೂರ್ವಾಪರ

ಶರಾವತಿಯ ಹಿನ್ನೀರಿನ ಮೇಲೆ ಅಂಬಾರಗೋಡ್ಲಿನಿಂದ ಕಳಸವಳ್ಳಿಗೆ ಕಟ್ಟಿದ ಸೇತುವೆಯು ೨೦೨೫ನೆಯ ಇಸವಿಯ ಜುಲೈ ತಿಂಗಳಲ್ಲಿ ಸಂಚಾರಕ್ಕೆ ತೆರೆದ ಮೇಲೆ, ಸಿಗಂದೂರಿನ ಚೌಡೇಶ್ವರಿಯ ದರ್ಶನಕ್ಕೆ ಬರುವವರಿಗೆ ಲಾಂಚಿನ ದಾರಿ ಕಾಯುವ ಶ್ರಮವು ತಪ್ಪಿತು. ಜನಸಂಚಾರವು ಹೆಚ್ಚಿದಂತೆಲ್ಲ ದಾರಿಯ ಇಕ್ಕೆಲದಲ್ಲಿ ಉಪಾಹಾರದ ಅಂಗಡಿಗಳೂ ಎದ್ದುವು. ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಅಂತಹದೊಂದು ಚಿಕ್ಕ ಅಂಗಡಿಯನ್ನು ಇಟ್ಟುಕೊಂಡಿದ್ದಾನೆ. ಆತನು ಪೇಟೆಯಿಂದ ಒಂದು ಬೀಡಿನ ಕಾವಲಿಯನ್ನು ಕೊಂಡು, ಅದನ್ನು ಗೋಣಿಯಲ್ಲಿ ಸುತ್ತಿ, ನೇರವಾಗಿ ನಮ್ಮ ಮನೆಯ ಜಗುಲಿಗೇ ತಂದಿಟ್ಟನು. ಸಂಸ್ಕೃತದ ಮಾಸ್ತರನಾದವನು ಎಲ್ಲವನ್ನೂ ಬಲ್ಲನೆಂಬ ಭ್ರಾಂತಿ ನಮ್ಮ ಕಡೆ ಇನ್ನೂ ಪೂರ್ತಿಯಾಗಿ ಅಳಿದಿಲ್ಲ.

ಆತನ ಪ್ರಶ್ನೆಗಳು ಎರಡು. "ಮಾಸ್ತರೇ, ಇಂಥ ಬೀಡಿನ ಕಾವಲಿ ಕೆಳದಿ ಅರಸರ ಕಾಲದಿಂದಲೂ ನಮ್ಮ ಕಡೆ ಇತ್ತು ಅಂತ ಅಂಗಡಿಯವರು ಹೇಳಿದರು, ಹೌದೇ?" ಎಂಬುದು ಒಂದು. ಕಾವಲಿಯ ಮೈಯು ಹಲಸಿನ ಸಿಪ್ಪೆಯಂತೆ ಒರಟಾಗಿರುವುದರಿಂದ, ಅದನ್ನು ವೆಲ್ಡಿಂಗ್ ಅಂಗಡಿಯ ಯಂತ್ರಕ್ಕೆ ಕೊಟ್ಟು ಕನ್ನಡಿಯಂತೆ ಉಜ್ಜಿಸಿಬಿಡಲೇ ಎಂಬುದು ಇನ್ನೊಂದು. ಎರಡಕ್ಕೂ ಅಲ್ಲವೆಂದೇ ಉತ್ತರ ಹೇಳಿ ಕಳುಹಿಸಬಹುದಾಗಿತ್ತು. ಆದರೆ ಎರಡನೆಯ ಪ್ರಶ್ನೆಯನ್ನು ಕೇಳಿದಾಗ, ಐವತ್ತು ವರ್ಷಗಳ ಹಿಂದೆ ನಾನೇ ಮಾಡಿದ ಒಂದು ಅವಿವೇಕವು ನೆನಪಿಗೆ ಬಂದು, ಈ ವಿಚಾರವನ್ನು ಸ್ವಲ್ಪ ವಿಸ್ತಾರವಾಗಿಯೇ ವಾಚಕರ ಮುಂದೆ ಇಡೋಣವೆನ್ನಿಸಿತು.

ಮೊದಲು ಹೆಸರುಗಳನ್ನು ನೋಡೋಣ. ಹಿಟ್ಟನ್ನು ಬೇಯಿಸುವ ಚಪ್ಪಟೆಯ ಪಾತ್ರೆಗೆ ನಮ್ಮಲ್ಲಿ ಕಾವಲಿ ಎಂದು ಹೆಸರು. 'ಕಾಯ್' ಧಾತುವಿನ ಬಿಸಿಯು ಈ ಶಬ್ದದಲ್ಲಿ ಸ್ಪಷ್ಟವಾಗಿಯೇ ಇದೆ. ಅಮರಸಿಂಹನು ತನ್ನ ಕೋಶದ ವೈಶ್ಯವರ್ಗದಲ್ಲಿ ಅಡಿಗೆಮನೆಯ ಸಾಮಗ್ರಿಗಳನ್ನು ಹೇಳುವಾಗ ಅಂಬರೀಷ, ಭ್ರಾಷ್ಟ್ರ, ಕಂದು ಎಂಬ ಹುರಿಯುವ ಪಾತ್ರೆಗಳನ್ನೂ, ಋಜೀಷವೆಂಬ ಇನ್ನೊಂದನ್ನೂ ಹೆಸರಿಸುತ್ತಾನೆ. ಋಜೀಷಕ್ಕೆ ಆತನು ಕೊಡುವ ಪರ್ಯಾಯವು ಪಿಷ್ಟಪಚನ. ಎಂದರೆ ಹಿಟ್ಟನ್ನು ಬೇಯಿಸತಕ್ಕದ್ದು. ನಮ್ಮ ಕಾವಲಿಗೆ ಇದಕ್ಕಿಂತ ಹತ್ತಿರದ ಸಂಸ್ಕೃತ ಶಬ್ದವು ಬೇರೊಂದಿಲ್ಲ. ಪಾಠಶಾಲೆಯಲ್ಲಿ ಇದನ್ನು ಕಂಠಪಾಠ ಮಾಡಿದ ನಮಗೆ, ಮಧ್ಯಾಹ್ನ ದೋಸೆ ತಿನ್ನುವಾಗ ಋಜೀಷವು ಎದುರಿಗೇ ಒಲೆಯ ಮೇಲಿದೆಯೆಂಬುದು ಹೊಳೆಯುತ್ತಿರಲಿಲ್ಲ.

ಇನ್ನು 'ಬೀಡು'. ಅರಸನ ಬೀಡು, ದಂಡಿನ ಬೀಡು ಎಂಬಲ್ಲಿಯ ಶಬ್ದವೇ ಬೇರೆ, ಎರಕದ ಕಬ್ಬಿಣಕ್ಕೆ ಹೇಳುವ ಬೀಡು ಬೇರೆ. ಮರಾಠಿಯಲ್ಲಿಯೂ ಇಂಥ ಕಬ್ಬಿಣಕ್ಕೆ ಬೀಡವೆಂದೇ ಹೆಸರು. ಅವರ 'ಬಿಡಾಚಾ ತವಾ' ನಮ್ಮ ಬೀಡಿನ ಕಾವಲಿಯೇ. ಸಾಮಾನ್ಯ ವ್ಯವಹಾರದಲ್ಲಿ ಎಲ್ಲವನ್ನೂ ಕಬ್ಬಿಣವೆಂದರೂ ಮೂರು ಬಗೆಯನ್ನು ಬೇರ್ಪಡಿಸಿ ತಿಳಿಯಬೇಕು. ಕುಲುಮೆಯಲ್ಲಿ ಕಾಸಿ ಬಡಿದ ಮೆದು ಕಬ್ಬಿಣದಲ್ಲಿ ಇಂಗಾಲದ ಅಂಶವು ಬಹಳ ಅಲ್ಪ. ಉಕ್ಕಿನಲ್ಲಿ ಅದಕ್ಕಿಂತ ಸ್ವಲ್ಪ ಹೆಚ್ಚು. ಬೀಡಿನಲ್ಲಿಯಾದರೋ ನೂರಕ್ಕೆ ಮೂರು ನಾಲ್ಕು ಪಾಲಿನವರೆಗೆ ಇರುತ್ತದೆ. ಶುದ್ಧ ಕಬ್ಬಿಣವು ಕರಗಬೇಕಾದರೆ ೧೫೩೮ ಸೆಂಟಿಗ್ರೇಡಿನ ಉಷ್ಣವು ಬೇಕು; ಇಂಗಾಲವು ಬೆರೆತ ಬೀಡು ೧೧೫೦ರಿಂದ ೧೨೦೦ರೊಳಗೆ ನೀರಾಗಿ ಹರಿದು ಅಚ್ಚಿನಲ್ಲಿ ತುಂಬಿಕೊಳ್ಳುತ್ತದೆ. ಬಡಿದದ್ದು ಬಾಗುತ್ತದೆ, ಎರಕದ್ದು ಒಡೆಯುತ್ತದೆ. ವ್ಯತ್ಯಾಸದ ತಿರುಳೆಲ್ಲ ಇಷ್ಟೇ.

ನಮ್ಮ ದೇಶದ ಹಳೆಯ ಕಬ್ಬಿಣದ ಒಲೆಗಳಲ್ಲಿ ಹುಟ್ಟುತ್ತಿದ್ದದ್ದು ಯಾವುದು? ೧೮೦೦ ಮತ್ತು ೧೮೦೧ನೆಯ ಇಸವಿಗಳಲ್ಲಿ ಮೈಸೂರು, ಕನ್ನಡ ಜಿಲ್ಲೆ, ಮಲೆಯಾಳಗಳಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನು, ಮಾಗಡಿಯ ಸೀಮೆಯಲ್ಲಿಯೂ ಚಿನ್ನರಾಯನದುರ್ಗದ ಆಸುಪಾಸಿನಲ್ಲಿಯೂ ಕಬ್ಬಿಣ ಕಾಸುವುದನ್ನು ಕಣ್ಣಾರೆ ನೋಡಿ, ೧೮೦೭ರಲ್ಲಿ ಅಚ್ಚಾದ ತನ್ನ ಪ್ರವಾಸಗ್ರಂಥದಲ್ಲಿ ಬರೆದಿದ್ದಾನೆ. ಆತನು ನಮ್ಮ ಇಕ್ಕೇರಿ, ನಗರಗಳ ಮಾರ್ಗವಾಗಿಯೂ ಹಾದುಹೋದವನು. ದೇಶೀಯ ಪದ್ಧತಿಯೆಂದರೆ, ಮಣ್ಣಿನ ಗಿಡ್ಡ ಒಲೆಯಲ್ಲಿ ಅದಿರನ್ನೂ ಇದ್ದಲನ್ನೂ ಒಂದಾದ ಮೇಲೊಂದರಂತೆ ತುಂಬಿ, ಚರ್ಮದ ತಿದಿಗಳಿಂದ ಗಂಟೆಗಟ್ಟಲೆ ಊದುವುದು. ಇಷ್ಟಾದರೂ ಕಬ್ಬಿಣವು ನೀರಾಗುತ್ತಿರಲಿಲ್ಲ. ಕಿಟ್ಟವು ಕರಗಿ ಹರಿದು, ಕಬ್ಬಿಣವು ಜೇನುಹುಟ್ಟಿನಂತೆ ತೂತುತೂತಾದ ಮುದ್ದೆಯಾಗಿ ಒಲೆಯ ತಳದಲ್ಲಿ ಉಳಿಯುತ್ತಿತ್ತು. ಆ ಮುದ್ದೆಯನ್ನು ಇಕ್ಕಳದಿಂದ ಹೊರಗೆಳೆದು, ಕೆಂಪಗಿರುವಾಗಲೇ ಬಡಿದು ಬಡಿದು ಕಿಟ್ಟವನ್ನು ಹಿಂಡಿ ತೆಗೆದು ಕಬ್ಬಿಣವನ್ನು ಮಾಡುತ್ತಿದ್ದರು. ಇದರಿಂದ ಗುಳ, ಕತ್ತಿ, ಗುದ್ದಲಿ, ಸಟ್ಟುಗ, ಕಾವಲಿ ಇವೆಲ್ಲವೂ ಆಗುತ್ತಿದ್ದುವು. ಎಲ್ಲವೂ ಬಡಿದವು, ಒಂದೂ ಎರೆದದ್ದಲ್ಲ.

ಈ ಬಡಿದ ಕಬ್ಬಿಣದ ಸತ್ತ್ವಕ್ಕೆ ನಮ್ಮ ಸೀಮೆಯಲ್ಲಿಯೇ ಸಾಕ್ಷಿಯಿದೆ. ಹೊಸನಗರ ತಾಲ್ಲೂಕಿನ ಕೊಡಚಾದ್ರಿಯ ಮೇಲೆ ಮೂಲ ಮೂಕಾಂಬಿಕೆಯ ಗುಡಿಯ ಮುಂದೆ ಕಬ್ಬಿಣದ ಒಂದು ಎತ್ತರದ ಸ್ತಂಭವು ನಿಂತಿದೆ. ಮೂಕಾಸುರನನ್ನು ಕೊಂದ ದೇವಿಯ ತ್ರಿಶೂಲವದೆಂದು ಜನರು ನಂಬುತ್ತಾರೆ. ಈಚೆಗೆ ಲೋಹಶಾಸ್ತ್ರಜ್ಞರು ಅದನ್ನು ಪರೀಕ್ಷಿಸಿ, ದೇಶೀಯ ಪದ್ಧತಿಯಲ್ಲಿ ಕಾಸಿ ತುಂಡುತುಂಡಾಗಿ ಬೆಸೆದು ಬಡಿದ ಕಬ್ಬಿಣವದೆಂದು ಕಂಡುಕೊಂಡಿದ್ದಾರೆ. ಮಳೆಯೆಂದರೆ ಎಂತಹ ಮಳೆಯೆಂಬುದು ನಮ್ಮ ವಾಚಕರಿಗೆ ವಿದಿತವೇ ಇದೆ. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷವೊಂದಕ್ಕೆ ೭೦೦೦ ಮಿಲಿಮೀಟರಿಗೂ ಮಿಕ್ಕು ಸುರಿಯುತ್ತದೆ. ಅಂತಹ ಘಟ್ಟದ ನೆತ್ತಿಯಲ್ಲಿ ಆ ಕಂಬವು ತುಕ್ಕಿಗೆ ಬಲಿಯಾಗದೆ ಉಳಿದುಕೊಂಡಿದೆ. ನಮ್ಮ ಮನೆಯ ಕತ್ತಿಯನ್ನು ಆಷಾಢದಲ್ಲಿ ಎರಡು ದಿನ ಹೊರಗೆ ಮರೆತರೆ ಕೆಂಪಾಗುವುದನ್ನು ಕಂಡವರು ಇದಕ್ಕೆ ಕೈಮುಗಿದರೆ ಆಶ್ಚರ್ಯವಿಲ್ಲ.

ಒಡೆಯುವ ಕಬ್ಬಿಣದ ಪರಿಚಯವು ನಮ್ಮ ಪೂರ್ವಿಕರಿಗೆ ಸರ್ವಥಾ ಇರಲಿಲ್ಲವೆಂದು ಮಾತ್ರ ಹೇಳಲಾಗದು. ರಸರತ್ನಸಮುಚ್ಚಯದಲ್ಲಿ ಲೋಹವನ್ನು ಮುಂಡ, ತೀಕ್ಷ್ಣ, ಕಾಂತ ಎಂದು ಮೂರಾಗಿ ವಿಭಾಗಿಸಿ, ಮುಂಡದಲ್ಲಿ ಮತ್ತೆ ಮೃದು, ಕುಂಠ, ಕಡಾರ ಎಂಬ ಮೂರು ಭೇದಗಳನ್ನು ಹೇಳಿದೆ. ಸುತ್ತಿಗೆಯಿಂದ ಹೊಡೆದರೆ ಮುರಿಯುವುದೂ, ಮುರಿದಲ್ಲಿ ಕಪ್ಪಾಗಿ ತೋರುವುದೂ ಕಡಾರದ ಲಕ್ಷಣ. ಓದಿದಾಗ ನಮ್ಮ ಬೀಡಿನ ನೆನಪು ಬಾರದೆ ಇರುವುದಿಲ್ಲ. ಒಲೆಯು ಅತಿಯಾಗಿ ಕಾದು ಇಂಗಾಲವನ್ನು ಹೆಚ್ಚು ಕುಡಿದ ಕಬ್ಬಿಣವೇ ಈ ಕಡಾರವಾಗಿರಬಹುದೆಂದು ನನ್ನ ಊಹೆ. ಆದರೆ ಅದು ವೈದ್ಯನ ಭಸ್ಮದ ಮೂಸೆಗೆ ಸಂಬಂಧಿಸಿದ ಮಾತೇ ಹೊರತು, ಅದನ್ನು ಕರಗಿಸಿ ಅಚ್ಚಿಗೆ ಹೊಯ್ದು ಪಾತ್ರೆ ಮಾಡುತ್ತಿದ್ದರೆಂಬುದಕ್ಕೆ ಅಲ್ಲಿ ಆಧಾರವಿಲ್ಲ.

ಚೀನದವರು ಮಾತ್ರ ಕ್ರಿಸ್ತಪೂರ್ವದ ಶತಮಾನಗಳಲ್ಲಿಯೇ ಬೀಡನ್ನು ಎರಕ ಹೊಯ್ಯಬಲ್ಲವರಾಗಿದ್ದರು. ಇಂಗ್ಲೆಂಡಿನಲ್ಲಿ ಅಬ್ರಹಾಂ ಡಾರ್ಬಿ ಎಂಬವನು ಬರಿಯ ಮರಳಿನ ಅಚ್ಚಿನಲ್ಲಿ ಕಬ್ಬಿಣದ ಅಡಿಗೆಯ ಪಾತ್ರೆಗಳನ್ನು ಎರೆಯುವ ಕ್ರಮಕ್ಕೆ ೧೭೦೭ರಲ್ಲಿ ಸನ್ನದನ್ನು ಪಡೆದನು. ೧೭೦೯ರಲ್ಲಿ ಕಲ್ಲಿದ್ದಲಿನ ಕೋಕಿನಿಂದ ಅದಿರನ್ನು ಕರಗಿಸಿದನು. ಇಲ್ಲಿ ಒಂದು ಸ್ವಾರಸ್ಯವಿದೆ. ಕೆಳದಿಯ ಬಸವಪ್ಪನಾಯಕನು ಶಿವತತ್ತ್ವರತ್ನಾಕರವೆಂಬ ತನ್ನ ಸಂಸ್ಕೃತ ವಿಶ್ವಕೋಶವನ್ನು ಮುಗಿಸಿದ್ದೂ ೧೭೦೯ರಲ್ಲಿಯೇ. ಆ ಗ್ರಂಥದಲ್ಲಿ ಪಾಕದ ವಿಚಾರವೂ ಸೇರಿದೆ. ಅಂತೂ ಇಕ್ಕೇರಿ ಬಿದನೂರುಗಳ ಪಾಕಶಾಲೆಯಲ್ಲಿ ರಾಜನು ರುಚಿಯನ್ನು ವಿವೇಚಿಸುತ್ತಿದ್ದಾಗ, ಮುಂದೆ ನಮ್ಮ ಅಡಿಗೆಮನೆಗೆ ಬರಬೇಕಾಗಿದ್ದ ಬೀಡಿನ ಪಾತ್ರೆಯು ಸಮುದ್ರದಾಚೆ ಮರಳಿನಲ್ಲಿ ಆಕಾರ ತಾಳುತ್ತಿತ್ತು. ಕೆಳದಿಯ ಕಾಲದ ಬೀಡಿನ ಕಾವಲಿ ಎಂಬ ಅಂಗಡಿಯ ಮಾತು ಇಲ್ಲಿಗೆ ಬಿದ್ದುಹೋಗುತ್ತದೆ. ೧೭೬೩ರಲ್ಲಿ ಹೈದರನು ಬಿದನೂರನ್ನು ಹಿಡಿದಾಗ ಅಲ್ಲಿಯ ಒಲೆಗಳ ಮೇಲೆ ಇದ್ದ ಕಾವಲಿಗಳೆಲ್ಲ ಕಮ್ಮಾರರು ಬಡಿದವೇ ಆಗಿರಬೇಕು.

ದಕ್ಷಿಣ ದೇಶದಲ್ಲಿ ದೊಡ್ಡ ಊದುಕುಲುಮೆಯಿಂದ ಬೀಡನ್ನು ತೆಗೆಯುವ ಪ್ರಯತ್ನವು ೧೮೩೦ರ ಸುಮಾರಿಗೆ ತಮಿಳು ಕರಾವಳಿಯ ಪೋರ್ಟೊನೋವೊದಲ್ಲಿ, ಹೀತ್ ಎಂಬ ಆಂಗ್ಲನಿಂದ ಮೊದಲಾಯಿತು, ಬಹುಕಾಲ ನಿಲ್ಲಲಿಲ್ಲ. ನಮ್ಮ ಜಿಲ್ಲೆಯ ಪಾಲಿಗೆ ಮುಖ್ಯವಾದದ್ದು ಭದ್ರಾವತಿ. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ವಿಶ್ವೇಶ್ವರಯ್ಯನವರ ಛಲದಿಂದ ೧೯೧೮ರಲ್ಲಿ ಮಂಜೂರಾದ ಮೈಸೂರು ಕಬ್ಬಿಣದ ಕಾರ್ಖಾನೆಯ ಊದುಕುಲುಮೆಯು ೧೯೨೩ರ ಜನವರಿಯಲ್ಲಿ ಹೊತ್ತಿಕೊಂಡಿತು. ಅದಿರು ಬಾಬಾಬುಡನ್ ಬೆಟ್ಟಗಳ ಕೆಮ್ಮಣ್ಣುಗುಂಡಿಯದು. ಉರಿಸಿದ್ದು ಕಲ್ಲಿದ್ದಲಲ್ಲ, ನಮ್ಮ ಕಾಡುಗಳ ಸೌದೆಯ ಇದ್ದಲು. ಇಡಿಯ ಊದುಕುಲುಮೆಯನ್ನು ಮರದ ಇದ್ದಲಿನಿಂದ ನಡೆಸಿದ ಆ ಸಾಹಸವನ್ನು ಹೊಗಳಬೇಕೋ, ಅದಕ್ಕಾಗಿ ಉರುಳಿದ ಮರಗಳಿಗಾಗಿ ಮರುಗಬೇಕೋ ನನಗೆ ಇಂದಿಗೂ ನಿಶ್ಚಯವಾಗಿಲ್ಲ. ಅಲ್ಲಿ ಬೀಡಿನ ಗಟ್ಟಿಗಳೂ ಎರಕದ ಕೊಳವೆಗಳೂ ಆಗುತ್ತಿದ್ದುವು. ಬೀಡೆಂಬ ವಸ್ತುವು ನಮ್ಮ ಜಿಲ್ಲೆಯ ಮಣ್ಣಿನಿಂದಲೇ ಹುಟ್ಟಿ ಬಂದದ್ದು ಹೀಗೆ ಕೇವಲ ನೂರು ವರ್ಷಗಳ ಮಾತು.

ಮನೆಯಲ್ಲಿರುವ ಹಳೆಯ ಕಾವಲಿ ಯಾವ ಜಾತಿಯದೆಂದು ತಿಳಿಯಬೇಕಾದರೆ ಕಷ್ಟವೇನೂ ಇಲ್ಲ. ಬಡಿದದ್ದರ ಬೆನ್ನಿನ ಮೇಲೆ ಸುತ್ತಿಗೆಯ ಪೆಟ್ಟುಗಳು ಕೈಗೆ ಸಿಗುತ್ತವೆ. ಕಿವಿಗಳನ್ನು ಬೇರೆಯಾಗಿ ಮಾಡಿ ಮೊಳೆ ಬಡಿದು ಕೂಡಿಸಿರುತ್ತಾರೆ. ಬೆರಳಿನ ಗೆಣ್ಣಿನಿಂದ ಹೊಡೆದರೆ ನಾದವು ಎಳೆಯುತ್ತದೆ. ಬೀಡಿನದಾದರೆ ಕಿವಿಯೂ ಮೈಯೂ ಒಂದೇ ಎರಕ, ಅಂಚಿನಲ್ಲಿ ಲೋಹವನ್ನು ಹೊಯ್ದ ಬಾಯಿಯ ಗುರುತು ಕಾಣುತ್ತದೆ, ಧ್ವನಿಯು ಮಂದ, ಮುರಿದಲ್ಲಿ ಬೂದುಬಣ್ಣದ ಹರಳು ಹರಳಾದ ಮೈ.

ಈಗ ನನ್ನ ಅವಿವೇಕದ ಸಂಗತಿ. ನಮ್ಮ ಮನೆಯಲ್ಲಿ ಬಡಿದ ಕಬ್ಬಿಣದ ಒಂದು ಕಾವಲಿಯಿತ್ತು, ಈಗಲೂ ಇದೆ. ೧೯೬೪ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಮುಗಿದು ಶರಾವತಿಯ ಕಣಿವೆಯಲ್ಲಿ ನೀರು ಏರಿತಲ್ಲವೇ, ಆಗ ಮುಳುಗಿದ ಮನೆಗಳಲ್ಲಿ ನಮ್ಮದೂ ಒಂದು. ಅದಕ್ಕೂ ಮೊದಲು ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟಿಗೆ ನೆಲವನ್ನು ಕಳೆದುಕೊಂಡವರಿದ್ದರು. ಕಡೆಗೆ ಆ ಅಣೆಕಟ್ಟೇ ಲಿಂಗನಮಕ್ಕಿಯ ನೀರಿನಲ್ಲಿ ಮುಳುಗಿತು. ನಾನಾಗ ನಾಲ್ಕೈದು ವರ್ಷದ ಬಾಲಕ. ನನಗೆ ನೆನಪಿರುವುದು ಗಾಡಿಯ ಮೇಲೆ ಹೇರಿದ ತೊಲೆಗಳು ಮಾತ್ರ. ಉಳಿದದ್ದೆಲ್ಲ ಅಮ್ಮ ಹೇಳಿದ ಮಾತು. ಅರೆಯುವ ಒರಳನ್ನು ಎತ್ತಲಾರದೆ ಅಲ್ಲಿಯೇ ಬಿಟ್ಟರು. ಬಳಪದ ಕಲ್ಲಿನ ಮರಿಗೆಗಳಲ್ಲಿ ಎರಡು ದಾರಿಯಲ್ಲಿ ಒಡೆದುವು. ಕಾವಲಿಯನ್ನು ಮಾತ್ರ ಅಮ್ಮ ಗಾಡಿಗೆ ಹಾಕಗೊಡಲಿಲ್ಲ. ಅಡಿಕೆಯ ಹಾಳೆಯಲ್ಲಿ ಅದನ್ನು ಸುತ್ತಿ, ತನ್ನ ಮಡಿಲಿನಲ್ಲಿಟ್ಟುಕೊಂಡು ಬಂದಳಂತೆ. ಕಬ್ಬಿಣವು ಒಡೆಯುತ್ತದೆಂಬ ಭಯವಲ್ಲ, ಅದರ ಮೈಯ ಕಪ್ಪು ತೊಲೆಗೆ ಉಜ್ಜಿ ಗೀರಿಹೋದೀತೆಂಬ ಭಯ. ಆ ಕಪ್ಪು ಆಕೆಯ ಅತ್ತೆಯ ಕೈಯಿಂದ ಬಂದದ್ದು.

ಹತ್ತು ವರ್ಷಗಳ ಮೇಲೆ, ೧೯೭೪ರಲ್ಲಿ, ನಾನು ಪಾಠಶಾಲೆಯಿಂದ ದೀಪಾವಳಿಯ ರಜೆಗೆ ಮನೆಗೆ ಬಂದಿದ್ದೆನು. ದ್ರವ್ಯಶುದ್ಧಿಯ ಪ್ರಕರಣವನ್ನು ಆಗತಾನೇ ಓದಿ ತಲೆಗೇರಿಸಿಕೊಂಡಿದ್ದೆನು. ತಾಮ್ರ, ಕಬ್ಬಿಣ, ಕಂಚು, ಹಿತ್ತಾಳೆ, ತವರ, ಸೀಸಗಳನ್ನು ಕ್ಷಾರದಿಂದಲೂ ಹುಳಿಯಿಂದಲೂ ನೀರಿನಿಂದಲೂ ಶುದ್ಧಿಮಾಡಬೇಕೆಂದು ಮನುವಿನ ವಿಧಿ. ಹಬ್ಬದ ಹಿಂದಿನ ಮಧ್ಯಾಹ್ನ ಅಮ್ಮ ಕೊಟ್ಟಿಗೆಯಲ್ಲಿದ್ದಾಗ, ಒಲೆಯ ಮೇಲಿನ ಅಟ್ಟದ ಗೋಡೆಗೆ ತೂಗುಹಾಕಿದ್ದ ಕಾವಲಿಯನ್ನು ಇಳಿಸಿ, ಬೂದಿಯೂ ಹುಣಿಸೆಹಣ್ಣೂ ಮರಳೂ ಕೂಡಿಸಿ ಎರಡು ತಾಸು ತಿಕ್ಕಿದೆನು. ಒಳಗಿನಿಂದ ಬೆಳ್ಳಿಯಂತಹ ಮೈ ಹೊರಬಿದ್ದಿತು. ಶಾಸ್ತ್ರವನ್ನು ಪ್ರಯೋಗಕ್ಕೆ ತಂದ ಸಂತೋಷದಿಂದ ಅದನ್ನು ಜಗುಲಿಯ ಬಿಸಿಲಿಗೆ ಇಟ್ಟೆನು.

ಅಮ್ಮ ಬಂದು ನೋಡಿದಳು. ಬೈಯಲಿಲ್ಲ. ಬಹಳ ಹೊತ್ತು ಅದರ ಮೇಲೆ ಬೆರಳಾಡಿಸಿ, "ಮಾಣಿ, ಕಾವ್ಲಿ ಹೊಳೀತು ಖರೆ. ಇನ್ನು ತೆಳ್ಳೇವು ಏಳ್ತಿಲ್ಲೆ" ಎಂದಷ್ಟೇ ಹೇಳಿದಳು. ಹಾಗೆಯೇ ಆಯಿತು. ಮಾರನೆಯ ದಿನದ ಒಂದು ದೋಸೆಯೂ ಹರಿಯದೆ ಎದ್ದು ಬರಲಿಲ್ಲ. ಹಬ್ಬದ ಊಟಕ್ಕೆ ಕುಳಿತವರು ಅನ್ನವನ್ನೇ ಉಂಡೆದ್ದರು. ಆಮೇಲೆ ಎಷ್ಟೋ ವರ್ಷಗಳಾದ ಬಳಿಕ ಅದೇ ಶ್ಲೋಕವನ್ನು ಮಕ್ಕಳಿಗೆ ಪಾಠ ಹೇಳುವಾಗ, ಅದರ ನಡುವೆ 'ಯಥಾರ್ಹಂ' ಎಂಬ ಪದವಿರುವುದು ನನ್ನ ಗಮನಕ್ಕೆ ಬಂದಿತು. ಯಾವುದಕ್ಕೆ ಯಾವುದು ತಕ್ಕದ್ದೋ ಹಾಗೆ ಎಂದು ಅರ್ಥ. ಮನುವು ಎಚ್ಚರಿಕೆಯಿಂದಲೇ ಹೇಳಿದ್ದನು. ನಾನು ಬಾಯಿಪಾಠ ಮಾಡಿದ್ದೆನು.

ಆ ಕಪ್ಪು ಕೊಳೆಯಲ್ಲ. ಎಣ್ಣೆಯನ್ನು ಕಬ್ಬಿಣದ ಮೇಲೆ ತೆಳ್ಳಗೆ ಸವರಿ ಹೊಗೆಯಾಡುವವರೆಗೆ ಕಾಸಿದರೆ, ಎಣ್ಣೆಯ ಕಣಗಳು ಗಾಳಿಯ ಆಮ್ಲಜನಕದೊಡನೆ ಕೂಡಿ, ಒಂದಕ್ಕೊಂದು ಹೆಣೆದುಕೊಂಡು, ಅರಗಿನಂತಹ ಗಟ್ಟಿಯಾದ ಪೊರೆಯಾಗುತ್ತವೆ. ಅದು ನೀರಿನಲ್ಲಿ ಕರಗುವುದಿಲ್ಲ, ಹಿಟ್ಟನ್ನು ಹಿಡಿಯುವುದಿಲ್ಲ, ತುಕ್ಕನ್ನು ಒಳಗೆ ಬಿಡುವುದಿಲ್ಲ. ಹುಳಿಗೂ ಬಲವಾದ ಕ್ಷಾರಕ್ಕೂ ಮಾತ್ರ ಅದು ಸೋಲುತ್ತದೆ. ನಾನು ಎರಡನ್ನೂ ಒಟ್ಟಿಗೆ ಹಾಕಿದ್ದೆನು. ಎಲ್ಲ ಎಣ್ಣೆಯೂ ಒಂದೇ ವೇಗದಿಂದ ಹೀಗೆ ಗಟ್ಟಿಯಾಗುವುದಿಲ್ಲ. ಅಗಸೆಯ ಎಣ್ಣೆ ಬಹುಬೇಗ. ಹುಚ್ಚೆಳ್ಳಿನದು ಅದರ ಹಿಂದೆ. ಎಳ್ಳು, ಶೇಂಗಾಗಳದು ಮಧ್ಯಮ. ನಮ್ಮ ಕಡೆ ಕೈಗೆ ಸುಲಭವಾಗಿ ಸಿಗುವ ತೆಂಗಿನೆಣ್ಣೆಯೂ, ದೋಸೆಗೆ ರುಚಿಯಾದ ಉಪ್ಪಾಗೆಯ ತುಪ್ಪವೂ ಈ ಕೆಲಸಕ್ಕೆ ಮಂದ. ಅಮ್ಮನಿಗೆ ರಸಾಯನಶಾಸ್ತ್ರದ ಗಂಧವಿರಲಿಲ್ಲ. ಆದರೆ ಹೊಸ ಕಾವಲಿಯನ್ನು ಪಳಗಿಸುವುದಕ್ಕೆ ಎಳ್ಳೆಣ್ಣೆಯೇ ಆಗಬೇಕೆಂದೂ, ಪಳಗಿದ ಮೇಲೆ ಯಾವುದಾದರೂ ಆದೀತೆಂದೂ ಆಕೆ ಹೇಳುತ್ತಿದ್ದಳು.

ಪಳಗಿಸುವುದೆಂಬ ಮಾತನ್ನು ಗಮನಿಸಬೇಕು. ಆನೆಯನ್ನು, ಎತ್ತನ್ನು, ಕಾವಲಿಯನ್ನು ನಾವು ಪಳಗಿಸುತ್ತೇವೆ. ಆ ದೀಪಾವಳಿಯ ಮಾರನೆಯ ದಿನದಿಂದ ಅಮ್ಮ ಅದನ್ನು ಮತ್ತೆ ಪಳಗಿಸಿದಳು, ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು, ನನ್ನ ಕೈಯಿಂದಲೇ. ಆ ಕ್ರಮವನ್ನು ಆಕೆಯಿಂದ ಕಲಿತಂತೆಯೂ, ಅನಂತರ ಬೀಡಿನ ಕಾವಲಿಯಲ್ಲಿ ನಾನೇ ಮಾಡಿ ನೋಡಿದಂತೆಯೂ ಇಲ್ಲಿ ಹೇಳುತ್ತೇನೆ.

ಬೀಡಿನದಾದರೆ ಮೈಯನ್ನು ನಯಮಾಡುವುದೇ ಮೊದಲ ಕೆಲಸ. ಮರಳಿನ ಅಚ್ಚಿನಿಂದ ಬಂದದ್ದರ ಮೇಲೆ ಮರಳಿನ ಗುರುತು ಇದ್ದೇ ಇರುತ್ತದೆ. ತೆಂಗಿನ ಸಿಪ್ಪೆಯನ್ನು ಹಿಡಿಯಾಗಿ ಕಟ್ಟಿ, ನಯವಾಗಿ ಕುಟ್ಟಿ ಬಟ್ಟೆಯಲ್ಲಿ ಸೋಸಿದ ಹೆಂಚಿನ ಪುಡಿಯನ್ನು ನೀರಿನೊಡನೆ ಹಾಕಿ ತಿಕ್ಕತಕ್ಕದ್ದು. ಎದ್ದು ನಿಂತ ಹರಳುಗಳು ಹೋದ ಮೇಲೆ, ಅಂಗೈಯಗಲದ ಸಾಣೆಕಲ್ಲಿನ ತುಂಡನ್ನು ನೀರಿನಲ್ಲಿ ನೆನೆಸಿ, ನಡುವಿನಿಂದ ಹೊರಕ್ಕೆ ಸುತ್ತುಸುತ್ತಾಗಿ ಉಜ್ಜಬೇಕು. ಒಂದೇ ದಿನದಲ್ಲಿ ಮುಗಿಸಲು ಹೊರಟರೆ ಒಂದು ಕಡೆ ತಗ್ಗು, ಒಂದು ಕಡೆ ಉಬ್ಬು ಆಗುತ್ತದೆ. ದಿನಕ್ಕೆ ಅರ್ಧ ತಾಸಿನಂತೆ ನಾಲ್ಕೈದು ದಿನ ಸಾಕು. ಒಂದು ಹಿಡಿ ಅರಳೆಯನ್ನು ಮೇಲೆ ಎಳೆದು ನೋಡಬೇಕು. ಎಳೆಗಳು ಸಿಕ್ಕಿಕೊಂಡರೆ ಇನ್ನೂ ಉಜ್ಜಬೇಕು, ಸಿಕ್ಕದಿದ್ದರೆ ಕಲ್ಲನ್ನು ಕೆಳಗಿಡಬೇಕು. ಕನ್ನಡಿಯಂತೆ ಮಾಡುವ ಆಸೆ ಸಲ್ಲದು. ಎಣ್ಣೆಯ ಪೊರೆ ಹಿಡಿದು ನಿಲ್ಲುವುದಕ್ಕೆ ಕಣ್ಣಿಗೆ ಕಾಣದ ಒಂದಿಷ್ಟು ಒರಟು ಬೇಕೇ ಬೇಕು. ಯಂತ್ರದ ಚಕ್ರವು ಕ್ಷಣಾರ್ಧದಲ್ಲಿ ಕೆಲಸವನ್ನು ಮುಗಿಸುವುದೇನೋ ನಿಜ. ಆದರೆ ಕೈ ತಪ್ಪಿದಲ್ಲಿ ಬಿಲ್ಲಿನಂತಹ ಗೀರು ಬೀಳುತ್ತದೆ, ಆ ಗೀರಿನಲ್ಲಿ ಹಿಟ್ಟು ಕೂತು ಕರಿಯುತ್ತದೆ. ಕಮ್ಮಾರನು ಬಡಿದ ಕಾವಲಿಗೆ ಇಷ್ಟು ಶ್ರಮವಿಲ್ಲ. ಬೆಂಕಿಯಲ್ಲಿ ಕಾಯುವಾಗ ಎದ್ದ ಸಿಪ್ಪೆಯನ್ನು ಉದುರಿಸಿದರಾಯಿತು. ಸುತ್ತಿಗೆಯ ಗುಳಿಗಳು ಏನನ್ನೂ ಕೆಡಿಸುವುದಿಲ್ಲ.

ಅನಂತರ ಅಕ್ಕಿ ತೊಳೆದ ನೀರಿನಲ್ಲಿ ಮೂರು ದಿನ ಮುಳುಗಿಸಿಡುವುದು, ದಿನವೂ ನೀರನ್ನು ಬದಲಿಸುವುದು. ಸ್ವಲ್ಪ ಹುಳಿತ ಆ ನೀರು ಸಂದುಗಳಲ್ಲಿ ಅಡಗಿದ ಮಸಿಯನ್ನೂ ಕಾರ್ಖಾನೆಯ ಜಿಡ್ಡನ್ನೂ ಬಿಡಿಸುತ್ತದೆ. ನಾಲ್ಕನೆಯ ದಿನ ತೊಳೆದು, ಒಂದು ಕ್ಷಣವೂ ಒದ್ದೆಯಾಗಿ ಬಿಡದೆ ಒಲೆಯ ಮೇಲಿಟ್ಟು ಒಣಗಿಸಬೇಕು. ನಮ್ಮ ಹವೆಯಲ್ಲಿ ಒಂದು ಗಳಿಗೆ ತಡವಾದರೂ ಕೆಂಪು ಏಳುತ್ತದೆ. ಮತ್ತೆ ಗಂಜಿಯ ತಿಳಿಯನ್ನು ಸವರಿ ಕಾಸಿ ಒರೆಸುವುದು. ಇಲ್ಲಿ ನನಗೆ ರಸಶಾಸ್ತ್ರದ ಲೋಹಶೋಧನೆಯು ನೆನಪಾಗುತ್ತದೆ. ಕಾಸಿದ ಲೋಹವನ್ನು ಎಣ್ಣೆ, ಮಜ್ಜಿಗೆ, ಗೋಮೂತ್ರ, ಹುಳಿಗಂಜಿ, ಹುರುಳಿಯ ಕಷಾಯ ಇವುಗಳಲ್ಲಿ ಏಳೇಳು ಸಲ ಅದ್ದಬೇಕೆಂದು ಅಲ್ಲಿ ಹೇಳಿದೆ. ಅಲ್ಲಿಯ ಉದ್ದೇಶವು ಔಷಧ, ಇಲ್ಲಿಯದು ದೋಸೆ. ಒಂದು ಇನ್ನೊಂದರಿಂದ ಬಂದಿತೆಂದು ಸಾಧಿಸುವುದಕ್ಕೆ ನಾನು ಹೊರಟಿಲ್ಲ. ಕಬ್ಬಿಣಕ್ಕೂ ಗಂಜಿಗೂ ಎಣ್ಣೆಗೂ ಇರುವ ನಂಟನ್ನು ವೈದ್ಯನೂ ಗೃಹಿಣಿಯೂ ಬೇರೆಬೇರೆಯಾಗಿ ಕಂಡುಕೊಂಡಿರಬಹುದು.

ಇನ್ನು ಎಣ್ಣೆ. ಸಣ್ಣ ಉರಿಯ ಮೇಲೆ ಕಾವಲಿಯು ಬೆಚ್ಚಗಾದಾಗ, ಬದನೆಕಾಯಿಯ ತೊಟ್ಟಿನ ಭಾಗವನ್ನು ಕೊಯ್ದು ಎಣ್ಣೆಯಲ್ಲಿ ಅದ್ದಿ ಸವರುವುದು. ಈರುಳ್ಳಿ ತಿನ್ನುವ ಮನೆಗಳಲ್ಲಿ ಅರ್ಧ ಈರುಳ್ಳಿಯಿಂದ ಇದನ್ನೇ ಮಾಡುತ್ತಾರೆ. ಸವರಿದ ಮೇಲೆ ಹಳೆಯ ಬಟ್ಟೆಯಿಂದ, ಎಣ್ಣೆಯೇ ಇಲ್ಲವೆಂದು ತೋರುವವರೆಗೆ ಒರೆಸಿಬಿಡಬೇಕು. ಹೊಸಬರು ತಪ್ಪುವುದು ಇಲ್ಲಿಯೇ. ಹೆಚ್ಚು ಎಣ್ಣೆಯಾದರೆ ಬೇಗ ಕಪ್ಪಾದೀತೆಂದು ಸುರಿಯುತ್ತಾರೆ. ಅದು ಪೊರೆಯಾಗದೆ ಹಲಸಿನ ಅಂಟಿನಂತೆ ಜಿಗುಟಾಗಿ ನಿಲ್ಲುತ್ತದೆ. ಒರೆಸಿದ ಮೇಲೆ ಉರಿಯನ್ನು ಏರಿಸಿ, ಹೊಗೆಯೆದ್ದು ಅಡಗುವವರೆಗೆ ಬಿಟ್ಟು, ತಾನಾಗಿಯೇ ಆರಗೊಡಬೇಕು. ಆರಿದ ಮೇಲೆ ಮತ್ತೊಮ್ಮೆ. ಹೀಗೆ ದಿನಕ್ಕೆ ಎರಡರಂತೆ ಏಳೆಂಟು ಸಲವಾದರೆ ಕಬ್ಬಿಣದ ಬಣ್ಣವು ಮೊದಲು ಗೋಧಿಯಂತೆ, ಆಮೇಲೆ ಬೆಲ್ಲದಂತೆ, ಕಡೆಗೆ ಕಾಡಿಗೆಯಂತೆ ಆಗುತ್ತದೆ. ನಮ್ಮ ಕಾವಲಿಗೆ ಆ ವರ್ಷ ಹನ್ನೆರಡು ದಿನ ಹಿಡಿಯಿತು. ಹದಿಮೂರನೆಯ ದಿನ ತೆಳ್ಳೇವು ಎದ್ದಿತು. ಆದರೆ ಮೊದಲಿನ ಕಪ್ಪು ಬೇರೆ, ಈ ಕಪ್ಪು ಬೇರೆ ಎಂದು ಅಮ್ಮ ಕಡೆಯವರೆಗೂ ಹೇಳುತ್ತಿದ್ದಳು. ಮುಳುಗಿದ ಮನೆಯಿಂದ ಆಕೆ ಮಡಿಲಿನಲ್ಲಿ ತಂದದ್ದನ್ನು ನಾನು ಬಚ್ಚಲಿನ ನೀರಿಗೆ ಬಿಟ್ಟಿದ್ದೆನು. ಅದಕ್ಕೆ ಏಳು ಸಲದ ಎಣ್ಣೆ ಏನು ಮಾಡೀತು?

ಪಳಗಿದ್ದನ್ನು ಉಳಿಸಿಕೊಳ್ಳುವ ನಿಯಮಗಳು ಹೆಚ್ಚಿಲ್ಲ. ಕಾದ ಬೀಡಿನ ಮೇಲೆ ತಣ್ಣೀರು ಬೀಳಬಾರದು, ಸೀಳುತ್ತದೆ. ರೊಟ್ಟಿಗೆ ಬೇರೆ ಕಾವಲಿ, ದೋಸೆಗೆ ಬೇರೆ. ಒಣ ರೊಟ್ಟಿಯು ಎಣ್ಣೆಯನ್ನು ಹೀರಿಬಿಡುತ್ತದೆ. ಹುಳಿ ಹಾಕಿದ ಪದಾರ್ಥವನ್ನು ಕಬ್ಬಿಣದ ಬಾಣಲೆಯಲ್ಲಿ ಇರಿಸಿ ಮರೆಯಬಾರದು. ಚರಕನು ರಸಾಯನದ ಅಧ್ಯಾಯದಲ್ಲಿ, ಹೊಸ ಕಬ್ಬಿಣದ ಪಾತ್ರೆಗೆ ತ್ರಿಫಲೆಯ ಕಲ್ಕವನ್ನು ಬಳಿದು ಒಂದು ಅಹೋರಾತ್ರವಿಟ್ಟು, ಜೇನುತುಪ್ಪದ ನೀರಿನಲ್ಲಿ ಕದಡಿ ಕುಡಿಯಬೇಕೆಂದು ಹೇಳುತ್ತಾನೆ. ಹುಳಿಯೂ ಒಗರೂ ಕಬ್ಬಿಣವನ್ನು ಕರಗಿಸಿ ಎಳೆದುಕೊಳ್ಳುತ್ತವೆಂಬುದು ಆತನಿಗೆ ಗೊತ್ತಿತ್ತು; ಆತನಿಗೆ ಬೇಕಾದದ್ದೂ ಅದೇ. ಆದ್ದರಿಂದಲೇ ಹೊಸ ಪಾತ್ರೆಯೆಂದನು. ನಮ್ಮ ಅಡಿಗೆಮನೆಗೆ ಬೇಕಾದದ್ದು ಹಳೆಯ ಪಾತ್ರೆ. ಮಳೆಗಾಲದಲ್ಲಿ ಕಾವಲಿಗೆ ಒಲೆಯ ಹೊಗೆ ತಾಗುವ ಗೋಡೆಯೇ ಯೋಗ್ಯವಾದ ಜಾಗವಾಗಿತ್ತು. ಗ್ಯಾಸಿನ ಒಲೆ ಬಂದ ಮನೆಗಳಲ್ಲಿ ಆ ಗೋಡೆಯೇ ಇಲ್ಲ. ಅಲ್ಲಿ ಎಣ್ಣೆ ಸವರಿ ಕಾಗದದಲ್ಲಿ ಸುತ್ತಿಡುವುದೇ ಗತಿ.

ಅಲ್ಯೂಮಿನಿಯಮ್ಮಿನ ಪಾತ್ರೆ ಬಂದಾಗ ಎಷ್ಟೋ ಮನೆಗಳವರು ತಲೆಮಾರುಗಳ ಕಾವಲಿಗಳನ್ನು ಗುಜರಿಯವನಿಗೆ ತೂಕಕ್ಕೆ ಕೊಟ್ಟರು. ಆಮೇಲೆ ಅಂಟದ ಲೇಪದ ಹಂಚು ಬಂದಿತು. ಆ ಲೇಪದ ವಸ್ತುವನ್ನು ಅಮೆರಿಕೆಯ ಪ್ಲಂಕೆಟ್ ಎಂಬವನು ೧೯೩೮ರಲ್ಲಿ ಅಕಸ್ಮಾತ್ತಾಗಿ ಕಂಡುಹಿಡಿದನು. ಕೆಲವು ವರ್ಷಗಳಲ್ಲಿ ಅದು ಸುಲಿಯುತ್ತದೆ, ಸುಲಿದದ್ದನ್ನು ಮನೆಯಲ್ಲಿ ಮತ್ತೆ ಕೂಡಿಸುವ ಉಪಾಯವಿಲ್ಲ. ಈಗ ಪೇಟೆಯವರು ಬೀಡನ್ನು ಮತ್ತೆ ಹುಡುಕುತ್ತಿದ್ದಾರೆ, ಒಳ್ಳೆಯದೇ. ಆದರೆ ಕಾವಲಿಯೊಡನೆ ಅದನ್ನು ಪಳಗಿಸುವ ಕೈಯನ್ನು ಅಂಗಡಿಯವನು ಮಾರುವುದಿಲ್ಲವಾದ್ದರಿಂದ, ನನ್ನ ವಿದ್ಯಾರ್ಥಿಯಂತಹವರು ವೆಲ್ಡಿಂಗ್ ಅಂಗಡಿಯ ದಾರಿ ಹಿಡಿಯಬೇಕಾಗಿದೆ.

ಆತನನ್ನು ಅಲ್ಲಿಗೆ ಹೋಗಗೊಡಲಿಲ್ಲ. ಐದು ದಿನ ಸಂಜೆ ನಮ್ಮ ಅಂಗಳದಲ್ಲಿ ಕುಳಿತು ಸಾಣೆಕಲ್ಲಿನಿಂದ ಉಜ್ಜಿದನು, ಮಧ್ಯೆ ಮಧ್ಯೆ, "ಸಾಕೇ ಮಾಸ್ತರೇ?" ಎಂದು ಕೇಳುತ್ತಿದ್ದನು, ನಾನು ಅರಳೆಯನ್ನು ಎಳೆದು ತೋರಿಸುತ್ತಿದ್ದೆನು. ಅಕ್ಕಿಯ ನೀರು, ಗಂಜಿ, ಎಳ್ಳೆಣ್ಣೆ ಎಲ್ಲವೂ ಕ್ರಮವಾಗಿ ಆದುವು. ಕಳೆದ ವಾರ ಅಂಗಡಿಯಲ್ಲಿ ಒಲೆಯ ಮೇಲೇರಿಸಿದಾಗ ನಾನೂ ಹೋಗಿದ್ದೆನು. ಮೊದಲ ಮೂರು ದೋಸೆಗಳು ಚೂರಾಗಿ ದನದ ಬಾನಿಗೆ ಹೋದುವು. ನಾಲ್ಕನೆಯದರ ಅಂಚು ತಾನಾಗಿಯೇ ಬಿಟ್ಟಿತು. ಸಟ್ಟುಗವನ್ನು ಕೆಳಗೆ ತೂರಿಸಿದ ಕೂಡಲೆ ಇಡಿಯಾಗಿ ಎದ್ದು ಬಂದಿತು. ಆತನು ಅದನ್ನು ಬಾಳೆಲೆಯ ತುಂಡಿನ ಮೇಲಿಟ್ಟು ನನ್ನ ಮುಂದೆ ಸರಿಸಿ, ಐದನೆಯದಕ್ಕೆ ಹಿಟ್ಟು ಹೊಯ್ದನು.